ಸ್ಪ್ರಿಂಗ್ ಪ್ರಾಕ್ಟೀಸ್ ಟೈಮಲ್ಲಿ ಕಾಲೇಜ್ ಫುಟ್‌ಬಾಲ್ ಡೆಪ್ತ್ ಚಾರ್ಟ್ ಓದೋದು ಹೇಗೆ: ಎರಡನೇ ಸಾಲಿಂದ ಶುರು ಮಾಡಿ

ಮಾರ್ಚ್ ಬಂತು ಅಂದ್ರೆ ಅಮೆರಿಕದ ಕಾಲೇಜ್ ಫುಟ್‌ಬಾಲ್ ಹುಚ್ಚಿರೋ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಪ್ರಶ್ನೆ ಓಡಾಡ್ತಿರುತ್ತೆ, ಈ ಸಲ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆದು ಆಟ ನಡೆಸೋನು, ಯಾರು ಅಂತ. ಎಂಎಸ್‌ಗೆ ಅಂತ ಹೋಗಿ ಅಲ್ಲಿನ ಯೂನಿವರ್ಸಿಟಿ ಟೀಮ್‌ಗೆ ಮನಸೋತ ನಮ್ಮ ಹುಡುಗ್ರು ಹುಡುಗೀರು ಸುಮಾರು ಜನ ಇದ್ದಾರೆ, ಬೆಂಗ್ಳೂರಿಗೆ ವಾಪಸ್ ಬಂದ್ಮೇಲೂ ಶನಿವಾರ ರಾತ್ರಿ ನಿದ್ದೆಗೆಟ್ಟು ಮ್ಯಾಚ್ ನೋಡೋರಿದ್ದಾರೆ, ಅವ್ರೆಲ್ಲ ಡೆಪ್ತ್ ಚಾರ್ಟ್ ಸಿಕ್ಕಿದ ತಕ್ಷಣ ಮೇಲಿನ ಸಾಲು ನೋಡಿ, ಸ್ಟಾರ್ಟರ್ ಇವ್ನು ಅಂತ ತೀರ್ಮಾನ ಮಾಡಿ ಮುಚ್ಚಿಟ್ಟುಬಿಡ್ತಾರೆ. ನಾನು ಹೇಳೋದು ಇಷ್ಟೇ, ಸ್ಪ್ರಿಂಗ್‌ನಲ್ಲಿ ಮೇಲಿನ ಸಾಲು ಕಡೇಲಿ ನೋಡಿ. ಎರಡನೇ ಸಾಲು ನೋಡಿ, ಖಾಲಿ ಇರೋ ಜಾಗ ನೋಡಿ, ಟೀಮ್‌ಗೆ ಎಲ್ಲಿ ನೋವಿದೆ ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಹೊಸಬ್ರಿಗೋಸ್ಕರ ಬೇಗ ಹೇಳ್ಬಿಡ್ತೀನಿ. ಡೆಪ್ತ್ ಚಾರ್ಟ್ ಅಂದ್ರೆ ಒಂದೊಂದು ಪೊಸಿಷನ್‌ಗೂ ಮೇಲಿಂದ ಕೆಳಗೆ ಹೆಸರು ಬರೆದಿರೋ ಪಟ್ಟಿ. ಚೆಂಡು ಹಿಡಿದು ಮುಂದೆ ಹೋಗೋ ಅಫೆನ್ಸ್‌ಗೆ 11, ಅದನ್ನ ತಡೆಯೋ ಡಿಫೆನ್ಸ್‌ಗೆ 11, ಒಟ್ಟು 22 ಜನ ಮೊದಲನೇ ಸಾಲು, ಅವ್ರ ಹಿಂದೆ ಇನ್ನೊಂದು 22, ಈ 44 ಹೆಸರಿನ ಪಟ್ಟಿಗೆ ಟೂ ಡೀಪ್ ಅಂತಾರೆ. ಕಿಕ್ಕರ್, ಪಂಟರ್, ಲಾಂಗ್ ಸ್ನ್ಯಾಪರ್ ಇವ್ರೆಲ್ಲ ಬೇರೆ. ಟೀಮ್‌ನಲ್ಲಿ ನೂರು ಚಿಲ್ಲರೆ ಹುಡುಗ್ರು ಇರ್ತಾರೆ, ಮೊದಲು 85 ಸ್ಕಾಲರ್‌ಶಿಪ್ ಲಿಮಿಟ್ ಇತ್ತು, ಮಿಕ್ಕವ್ರು ವಾಕ್ ಆನ್, ಅಂದ್ರೆ ಸ್ಕಾಲರ್‌ಶಿಪ್ ಇಲ್ದೇ ಸೇರಿದವ್ರು, 2025ರಲ್ಲಿ ಕೋರ್ಟ್ ಒಪ್ಪಿದ ಸೆಟಲ್‌ಮೆಂಟ್ ಆದ್ಮೇಲೆ ಅದಕ್ಕೆ ಸೇರಿಕೊಂಡ ಕಾಲೇಜುಗಳಿಗೆ ಒಟ್ಟು 105 ಜನರ ರೋಸ್ಟರ್ ಲಿಮಿಟ್ ಬಂತು. ಕ್ರಿಕೆಟ್‌ನಲ್ಲಿ ಟಾಸ್ ಟೈಮಿಗೆ ಹನ್ನೊಂದು ಹೆಸರು ಕೊಟ್ರೆ ಮುಗೀತು, ಇಲ್ಲಿ ಆಗಸ್ಟ್ ಕೊನೇಲಿ ಆಡೋ ಮ್ಯಾಚ್‌ಗೆ ಮಾರ್ಚ್‌ನಲ್ಲೇ ಪಟ್ಟಿ ಓಡಾಡುತ್ತೆ, ಮಧ್ಯೆ ಐದು ತಿಂಗಳು ಇದೆ, ಅದನ್ನ ತಲೇಲಿಟ್ಕೊಂಡೇ ಓದ್ಬೇಕು.

ಮೊದಲು ಮಾಡ್ಬೇಕಾದ ಕೆಲ್ಸ, ಆ ಚಾರ್ಟ್ ಯಾರು ಮಾಡಿದ್ದು, ಯಾವಾಗ ಮಾಡಿದ್ದು ಅಂತ ನೋಡೋದು. ಸ್ಪ್ರಿಂಗ್‌ನಲ್ಲಿ ತುಂಬಾ ಕೋಚ್‌ಗಳು ಅಫೀಷಿಯಲ್ ಚಾರ್ಟ್ ಬಿಡೋದೇ ಇಲ್ಲ. ನಿಮ್ಮ ಕೈಗೆ ಸಿಗೋದು ಬಹುಪಾಲು ಲೋಕಲ್ ರಿಪೋರ್ಟರ್‌ಗಳು ಪ್ರಾಕ್ಟೀಸ್ ನೋಡಿ ಬರ್ದಿದ್ದು, ಇಲ್ಲಾ ಹೋದ ಸೀಸನ್ ಚಾರ್ಟ್‌ನಲ್ಲಿ ಹೊರಟುಹೋದವ್ರ ಹೆಸರು ಕಿತ್ತು ಹಿಂದಿನವ್ರನ್ನ ಮುಂದೆ ತಳ್ಳಿರೋದು. ಈ ಎರಡನೇ ಥರದ್ದು ಒಂದು ಪೈಸೆ ಪ್ರಯೋಜನ ಇಲ್ಲ. ಪ್ರಾಕ್ಟೀಸ್ ಶುರುವಾಗೋಕೆ ಮುಂಚೆ ಬಂದ ಚಾರ್ಟ್‌ಗೂ ಹತ್ತು ಪ್ರಾಕ್ಟೀಸ್ ಆದ್ಮೇಲೆ ಬಂದಿದ್ದಕ್ಕೂ ಅಜಗಜಾಂತರ, ಅದಕ್ಕೇ ತಾರೀಕು ನೋಡಿ ಅಂದಿದ್ದು. ತಾರೀಕು ಇಲ್ದೇ ಇರೋ ಚಾರ್ಟ್ ಫಾರ್ವರ್ಡ್ ಮಾಡೋರಿಗೆ ದಯವಿಟ್ಟು ತಾರೀಕು ಕೇಳಿ.

ಸ್ಪ್ರಿಂಗ್‌ನಲ್ಲಿ ಒಟ್ಟು 15 ಪ್ರಾಕ್ಟೀಸ್ ಅಷ್ಟೇ, ಕೊನೇಲಿ ಟೀಮ್ ತನ್ನೊಳಗೇ ಆಡೋ ಸ್ಪ್ರಿಂಗ್ ಗೇಮ್ ಸೇರಿಸಿ. ಮೊದಲ ಎರಡು ದಿನ ಮೈಮೇಲೆ ಪ್ಯಾಡ್ ಇರಲ್ಲ, ಬರೀ ಹೆಲ್ಮೆಟ್. ನಿಜವಾಗ್ಲೂ ಟ್ಯಾಕಲ್ ಮಾಡಿ ನೆಲಕ್ಕೆ ಕೆಡವೋ ಪ್ರಾಕ್ಟೀಸ್ 8ಕ್ಕಿಂತ ಜಾಸ್ತಿ ಮಾಡೋ ಹಾಗಿಲ್ಲ. ಇದ್ಯಾಕೆ ಮುಖ್ಯ ಅಂದ್ರೆ ಮೊದಲ ವಾರದಲ್ಲಿ ಎಸೆದ ಚೆಂಡು ಹಿಡಿಯೋ ರಿಸೀವರ್ ಒಬ್ಬ ಭರ್ಜರಿಯಾಗಿ ಕಾಣಿಸ್ತಾನೆ, ಯಾರೂ ಹೊಡಿಯೋಕೆ ಬರಲ್ವಲ್ಲ, ಆಗ ಬಂದ ರಿಪೋರ್ಟ್ ಓದಿ ಖುಷಿ ಪಡ್ಬೇಡಿ. ಲೈನ್‌ಮೆನ್ (ಮುಂದಿನ ಸಾಲಿನ ದಡಿಯರು), ಲೈನ್‌ಬ್ಯಾಕರ್ (ಡಿಫೆನ್ಸ್‌ನಲ್ಲಿ ಅವ್ರ ಹಿಂದೆ ನಿಲ್ಲೋನು), ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡೋನು) ಬಗ್ಗೆ ಪ್ಯಾಡ್ ಹಾಕಿದ ಮೇಲಿನ ಸುದ್ದಿಗೆ ಮಾತ್ರ ಬೆಲೆ ಕೊಡಿ, ಅದ್ರಲ್ಲೂ ಸ್ಕ್ರಿಮೇಜ್ (ತಮ್ತಮ್ಮಲ್ಲೇ ಮ್ಯಾಚ್ ಥರ ಆಡೋ ಪ್ರಾಕ್ಟೀಸ್) ಆದ ಶನಿವಾರದ ಸುದ್ದಿಗೆ.

ಈಗ ಚಾರ್ಟ್ ಒಳಗೆ ಬರೋಣ. ಹೆಸರಿನ ಪಕ್ಕ ಯಾವ ವರ್ಷದವ್ನು ಅಂತ ಇರುತ್ತೆ, ಫ್ರೆಶ್‌ಮನ್, ಸಾಫಮೋರ್, ಜೂನಿಯರ್, ಸೀನಿಯರ್. ಅದರ ಮುಂದೆ ರೆಡ್‌ಶರ್ಟ್ ಅಂತ ಇದ್ರೆ ಒಂದು ವರ್ಷ ಆಡದೇ ಟೀಮ್ ಜೊತೆ ಇದ್ದು ಆಟದ ವರ್ಷ ಉಳಿಸ್ಕೊಂಡಿದ್ದಾನೆ ಅಂತ. 2018ರಿಂದ ನಾಲ್ಕು ಮ್ಯಾಚ್‌ವರೆಗೂ ಆಡಿದ್ರೂ ರೆಡ್‌ಶರ್ಟ್ ಉಳಿಯುತ್ತೆ, ಹಾಗಾಗಿ ರೆಡ್‌ಶರ್ಟ್ ಫ್ರೆಶ್‌ಮನ್ ಅಂತಿದ್ರೆ ಆಟಾನೇ ಆಡಿಲ್ಲ ಅಂದ್ಕೋಬೇಡಿ, ಹೋದ ವರ್ಷದ ಕೊನೇ ಮ್ಯಾಚ್‌ಗಳಲ್ಲಿ ಎಷ್ಟು ಆಡಿದ ಅಂತ ಹುಡುಕಿ ನೋಡಿ. ತೂಕದ ಕಾಲಮ್ಮೂ ಬಿಡ್ಬೇಡಿ. ಹೋದ ವರ್ಷ 265 ಪೌಂಡ್ ಇದ್ದ ಲೈನ್‌ಮ್ಯಾನ್ ಈ ವರ್ಷ 295 ಅಂತ ತೋರಿಸ್ತಿದ್ರೆ ಕೋಚ್‌ಗೆ ಅವ್ನ ಮೇಲೆ ಕಣ್ಣಿದೆ ಅಂತ ಅರ್ಥ, ಚಳಿಗಾಲ ಪೂರ್ತಿ ವೇಟ್ ರೂಮ್‌ನಲ್ಲಿ ಬೆವರು ಸುರಿಸಿ ಬಂದಿರ್ತಾನೆ ಆ ಹುಡುಗ.

ಎರಡು ಹೆಸರಿನ ಮಧ್ಯೆ ‘ಆರ್’ (ಇಂಗ್ಲಿಷ್‌ನ OR, ಅಥವಾ) ಅಂತ ಹಾಕಿರ್ತಾರೆ, ಇಬ್ರೂ ಸಮ ಅಂತ. ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ‘ಆರ್’ ಇದ್ರೆ ಅದು ಬಹಳ ಸಲ ಕೋಚ್ ಇಬ್ಬರನ್ನೂ ಸಮಾಧಾನದಲ್ಲಿ ಇಟ್ಕೊಳ್ಳೋ ದಾರಿ. ಅದೇ ‘ಆರ್’ ರಿಸೀವರ್‌ನ ತಡೆಯೋ ಕಾರ್ನರ್‌ಬ್ಯಾಕ್‌ಗೋ ಅಫೆನ್ಸ್ ಲೈನ್‌ನ ಗಾರ್ಡ್‌ಗೋ ಇದ್ರೆ ನಿಜವಾದ ಪೈಪೋಟಿ ಇದೆ ಅಂತ ನಾನು ನಂಬ್ತೀನಿ, ಯಾಕಂದ್ರೆ ಆ ಜಾಗದಲ್ಲಿ ಯಾರನ್ನೂ ಸಮಾಧಾನ ಮಾಡೋ ಒತ್ತಡ ಕೋಚ್‌ಗೆ ಅಷ್ಟಿರಲ್ಲ. ಮೂರು ನಾಲ್ಕು ಹೆಸರಿಗೂ ‘ಆರ್’ ಹಾಕಿದ್ರೆ ಆ ಪೊಸಿಷನ್‌ನಲ್ಲಿ ಕೋಚ್‌ಗೆ ಯಾರೂ ಇನ್ನೂ ಹಿಡಿಸಿಲ್ಲ. ಹೆಸರುಗಳು ಅಕ್ಷರದ ಪ್ರಕಾರ ಜೋಡಿಸಿದ್ದಾರಾ ಅಂತಾನೂ ಚೆಕ್ ಮಾಡಿ, ಹಾಗಿದ್ರೆ ಮೇಲೆ ಕೆಳಗೆ ಅನ್ನೋದಕ್ಕೆ ಏನೂ ಅರ್ಥ ಇಲ್ಲ.

ಪೊಸಿಷನ್ ಹೆಸರುಗಳಲ್ಲಿ ಒಂದೆರಡು ಗೊತ್ತಿದ್ರೆ ಸಾಕು. ಎಕ್ಸ್, ಜೆಡ್, ಸ್ಲಾಟ್ ಅಂದ್ರೆ ಮೂರು ರಿಸೀವರ್‌ಗಳು. ಮೈಕ್ ಅಂದ್ರೆ ಮಧ್ಯದ ಲೈನ್‌ಬ್ಯಾಕರ್, ಡಿಫೆನ್ಸ್‌ಗೆಲ್ಲ ಕೂಗಿ ಹೇಳೋನು. ಫೀಲ್ಡ್ ಕಾರ್ನರ್, ಬೌಂಡರಿ ಕಾರ್ನರ್ ಅಂತ ಬೇರೆ ಬೇರೆ ಬರ್ದಿರೋದು ಯಾಕೆ ಅಂದ್ರೆ ಕಾಲೇಜ್ ಮೈದಾನದಲ್ಲಿ ಎರಡು ಹ್ಯಾಶ್ ಗೆರೆ ಮಧ್ಯೆ 40 ಅಡಿ ಇರುತ್ತೆ, ಚೆಂಡು ಒಂದು ಹ್ಯಾಶ್ ಮೇಲಿದ್ರೆ ಒಂದು ಕಡೆ ವಿಶಾಲ, ಇನ್ನೊಂದು ಕಡೆ ಇಕ್ಕಟ್ಟು, ವಿಶಾಲದ ಕಡೆ ಓಡೋಕೆ ವೇಗ ಬೇಕು, ಇಕ್ಕಟ್ಟಿನ ಕಡೆ ಮೈಗೆ ಮೈ ಕೊಟ್ಟು ನಿಲ್ಲೋ ಗಟ್ಟಿತನ ಬೇಕು. ಡಿಫೆನ್ಸ್‌ನಲ್ಲಿ ಹನ್ನೆರಡು ಸ್ಟಾರ್ಟರ್ ಇದ್ದಂಗೆ ಕಂಡ್ರೆ ಗಾಬರಿ ಆಗ್ಬೇಡಿ, ನಿಕಲ್ ಅನ್ನೋ ಐದನೇ ಡಿಫೆನ್ಸಿವ್ ಬ್ಯಾಕ್‌ನೂ ಸೇರಿಸಿರ್ತಾರೆ, ಕೆಲವು ಟೀಮ್‌ಗಳಲ್ಲಿ ಅವ್ನಿಗೆ ಸ್ಟಾರ್ ಅಂತ ಹೆಸರು, ಇವತ್ತಿನ ಆಟದಲ್ಲಿ ಅವ್ನು ಮೂರನೇ ಲೈನ್‌ಬ್ಯಾಕರ್‌ಗಿಂತ ಜಾಸ್ತಿ ಹೊತ್ತು ಮೈದಾನದಲ್ಲಿ ಇರ್ತಾನೆ.

ಈಗ ಎರಡನೇ ಸಾಲಿನ ವಿಷಯ. ಇದಕ್ಕೆ 2018ರ ಕ್ಲೆಮ್ಸನ್‌ಗಿಂತ ಒಳ್ಳೇ ಪಾಠ ನಂಗೆ ಗೊತ್ತಿಲ್ಲ. ಆ ಸ್ಪ್ರಿಂಗ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಮೇಲಿದ್ದ ಹೆಸರು ಕೆಲ್ಲಿ ಬ್ರಯಂಟ್, ಹಿಂದಿನ ಸೀಸನ್‌ನಲ್ಲಿ ಟೀಮನ್ನ ಪ್ಲೇಆಫ್‌ಗೆ ಕರ್ಕೊಂಡು ಹೋದವ್ನು. ಕೆಳಗೆ ಟ್ರೆವರ್ ಲಾರೆನ್ಸ್, ಹೈಸ್ಕೂಲ್ ಬೇಗ ಮುಗಿಸಿ ಜನವರೀಲೇ ಸೇರಿದ್ದ ಹುಡುಗ, ಆಮೇಲೆ ಹಂಟರ್ ಜಾನ್ಸನ್, ಚೇಸ್ ಬ್ರೈಸ್. ಸ್ಪ್ರಿಂಗ್ ಮುಗಿದ್ಮೇಲೆ ಜಾನ್ಸನ್ ನಾರ್ತ್‌ವೆಸ್ಟರ್ನ್‌ಗೆ ಹೊರಟುಹೋದ. ಸೆಪ್ಟೆಂಬರ್‌ನಲ್ಲಿ ನಾಲ್ಕು ಮ್ಯಾಚ್ ಆದ್ಮೇಲೆ ಕೋಚ್ ಡಾಬೋ ಸ್ವಿನ್ನಿ ಲಾರೆನ್ಸ್‌ನ ಸ್ಟಾರ್ಟರ್ ಮಾಡಿದ್ರು, ಅದೇ ವಾರ ಬ್ರಯಂಟ್ ಟೀಮ್ ಬಿಟ್ಟ. ಆ ಶನಿವಾರ, ಸೆಪ್ಟೆಂಬರ್ 29, ಸಿರಾಕ್ಯೂಸ್ ಮೇಲೆ ಲಾರೆನ್ಸ್ ಮೊದಲ ಸಲ ಸ್ಟಾರ್ಟ್ ಮಾಡ್ದ, ಮೊದಲಾರ್ಧದಲ್ಲೇ ಪೆಟ್ಟು ಬಿದ್ದು ಹೊರಗೆ ಹೋದ. ಈಗ ಯಾರು? ಸ್ಪ್ರಿಂಗ್‌ನಲ್ಲಿ ಯಾರೂ ಮಾತಾಡದೇ ಇದ್ದ ಚೇಸ್ ಬ್ರೈಸ್. ನಾಲ್ಕನೇ ಕ್ವಾರ್ಟರ್‌ನಲ್ಲಿ ಟೀಮ್ ಹಿಂದಿತ್ತು, 94 ಗಜ ದೂರ ಹೋಗ್ಬೇಕು, ಮಧ್ಯದಲ್ಲಿ ಫೋರ್ತ್ ಡೌನ್‌ಗೆ, ಅಂದ್ರೆ ಕೊನೇ ಅವಕಾಶಕ್ಕೆ, ಆರು ಗಜ ಬೇಕಿತ್ತು, ಬ್ರೈಸ್ ಟೀ ಹಿಗಿನ್ಸ್‌ಗೆ ಎಸೆದು ಅದನ್ನ ಗೆದ್ದ, ಇನ್ನು 41 ಸೆಕೆಂಡ್ ಉಳಿದಿರೋವಾಗ ಟ್ರಾವಿಸ್ ಎಟಿಯೆನ್ ಓಡಿ ಟಚ್‌ಡೌನ್ ಮಾಡ್ದ, 27-23. ಕ್ಲೆಮ್ಸನ್ ಆ ವರ್ಷ 15-0 ಮಾಡಿ, ಫೈನಲ್‌ನಲ್ಲಿ ಅಲಬಾಮಾನ 44-16 ಹೊಡೆದು ಚಾಂಪಿಯನ್ ಆಯ್ತು. ಆ ಒಂದು ಡ್ರೈವ್ ಆಗ್ದೇ ಇದ್ದಿದ್ರೆ 15-0 ಅನ್ನೋ ಮಾತೇ ಇರ್ತಿರ್ಲಿಲ್ಲ.

ಹಾಗಾಗಿ ನಾನು ಚಾರ್ಟ್ ಸಿಕ್ಕಿದ್ರೆ ಒಂದೊಂದು ಪೊಸಿಷನ್‌ಗೂ ಹೀಗೆ ಕೇಳ್ತೀನಿ, ಮೇಲಿನವ್ನನ್ನ ತೆಗೆದ್ರೆ ಕೆಳಗಿನವ್ನು ಮ್ಯಾಚ್ ಆಡಿದ್ದಾನಾ, ಎಷ್ಟು ಆಡಿದ್ದಾನೆ, ಅವ್ನನ್ನೂ ತೆಗೆದ್ರೆ ಯಾರು. ಸ್ಟಾರ್ಟರ್ ಮೂರು ವರ್ಷದ ಅನುಭವಿ, ಅವ್ನ ಹಿಂದೆ ಇರೋನು ಒಂದು ಸ್ನ್ಯಾಪ್ (ಚೆಂಡು ಬಿಟ್ಟ ಒಂದು ಸಲದ ಆಟ) ಕೂಡ ಆಡಿಲ್ಲ ಅಂದ್ರೆ ಆ ಜಾಗ ಬಲವಾಗಿದೆ ಅಂತ ನಾನು ಬರ್ಕೊಳ್ಳಲ್ಲ. ಇಬ್ರೂ ಸುಮಾರಾಗಿದ್ರೂ ಇಬ್ರಿಗೂ ಮುನ್ನೂರು ಮುನ್ನೂರು ಸ್ನ್ಯಾಪ್ ಅನುಭವ ಇದ್ರೆ ನವೆಂಬರ್‌ನಲ್ಲಿ ಆ ಜಾಗ ಉಳ್ಕೊಳ್ಳುತ್ತೆ.

ಇದೇ ಮಾತು ಕ್ವಾರ್ಟರ್‌ಬ್ಯಾಕ್ ಮುಂದೆ ನಿಂತು ಅವ್ನನ್ನ ಕಾಯೋ ಅಫೆನ್ಸಿವ್ ಲೈನ್‌ಗೆ ಇನ್ನೂ ಜಾಸ್ತಿ ಅನ್ವಯ ಆಗುತ್ತೆ, ಜನ ಗಮನ ಕೊಡದೇ ಇರೋದೂ ಅಲ್ಲೇ, ನಂಗೆ ಅದು ಬೇಜಾರು. ನಡುವೆ ಸೆಂಟರ್, ಅವ್ನ ಎರಡು ಪಕ್ಕ ಗಾರ್ಡ್, ತುದಿಗಳಲ್ಲಿ ಟ್ಯಾಕಲ್, ಈ ಐದು ಜಾಗಕ್ಕೆ ಚಾರ್ಟ್‌ನಲ್ಲಿ ಹತ್ತು ಹೆಸರು ಇರುತ್ತೆ, ಆದ್ರೆ ಕೋಚ್ ತಲೇಲಿ ಹತ್ತು ಜನ ಇರಲ್ಲ, ಏಳೋ ಎಂಟೋ ಇರ್ತಾರೆ. ಲೆಫ್ಟ್ ಟ್ಯಾಕಲ್‌ಗೆ ಪೆಟ್ಟಾದ್ರೆ ಚಾರ್ಟ್‌ನಲ್ಲಿ ಅವ್ನ ಕೆಳಗಿರೋನು ಬರ್ತಾನೆ ಅಂತ ಗ್ಯಾರಂಟಿ ಇಲ್ಲ, ರೈಟ್ ಟ್ಯಾಕಲ್ ಎಡಕ್ಕೆ ಬಂದು, ಗಾರ್ಡ್ ಟ್ಯಾಕಲ್ ಆಗಿ, ಆರನೇ ಒಳ್ಳೇ ಲೈನ್‌ಮ್ಯಾನ್ ಗಾರ್ಡ್ ಜಾಗಕ್ಕೆ ಇಳೀತಾನೆ. ಅದಕ್ಕೇ ಸ್ಪ್ರಿಂಗ್‌ನಲ್ಲಿ ಆ ಆರನೇ ಹೆಸರು ಯಾವ್ದು ಅಂತ ಹುಡುಕಿ. ರಿಪೋರ್ಟ್‌ನಲ್ಲಿ ಒಬ್ಬನೇ ಹುಡುಗ ಮಂಗಳವಾರ ಸೆಂಟರ್, ಗುರುವಾರ ಗಾರ್ಡ್ ಆಡ್ದ ಅಂತ ಬಂದ್ರೆ ಅವ್ನೇ ಇರ್ಬೇಕು. ಸೆಂಟರ್ ಜಾಗಕ್ಕಂತೂ ಎರಡನೆಯವ್ನ ಹೆಸರು ಇಲ್ದೇ ನಾನು ಮುಂದೆ ಹೋಗಲ್ಲ, ಅವ್ನು ಹಿಂದಕ್ಕೆ ಕೊಡೋ ಚೆಂಡು, ಅಂದ್ರೆ ಸ್ನ್ಯಾಪ್, ಸರಿಯಾಗಿ ಕೈಗೆ ಬರ್ಲಿಲ್ಲ ಅಂದ್ರೆ ಕ್ವಾರ್ಟರ್‌ಬ್ಯಾಕ್ ಎಂಥವ್ನಾದ್ರೂ ಆಟ ಅಲ್ಲಿಗೇ ನಿಲ್ಲುತ್ತೆ. ಇನ್ನೊಂದು, ಬಲಗೈ ಕ್ವಾರ್ಟರ್‌ಬ್ಯಾಕ್‌ಗೆ ಬೆನ್ನು ಕಾಯೋದು ಲೆಫ್ಟ್ ಟ್ಯಾಕಲ್, ಎಡಗೈಯವ್ನಿಗೆ ರೈಟ್ ಟ್ಯಾಕಲ್. ಅಲಬಾಮಾದಲ್ಲಿ ಟುವಾ ಟಾಗೊವೈಲೋವಾ ಎಡಗೈಯಲ್ಲಿ ಎಸೀತಿದ್ದಾಗ ಅವ್ನ ಬೆನ್ನು ಕಾಯ್ತಿದ್ದಿದ್ದು ರೈಟ್ ಟ್ಯಾಕಲ್ ಜೆಡ್ರಿಕ್ ವಿಲ್ಸ್. ನಿಮ್ಮ ಟೀಮ್ ಕ್ವಾರ್ಟರ್‌ಬ್ಯಾಕ್ ಯಾವ ಕೈಯವ್ನು ಅಂತ ನೋಡ್ಕೊಂಡು ಆ ಕಡೆಯ ಎರಡನೇ ಸಾಲು ಓದಿ.

ಗಾಯ ಆದವ್ರ ವಿಷಯದಲ್ಲಿ ಸ್ಪ್ರಿಂಗ್ ಚಾರ್ಟ್ ದಾರಿ ತಪ್ಪಿಸುತ್ತೆ. ಆಪರೇಷನ್ ಮಾಡಿಸ್ಕೊಂಡು ಪಕ್ಕದಲ್ಲಿ ಸೈಕಲ್ ತುಳೀತಿರೋ ಸ್ಟಾರ್ಟರ್ ಹೆಸರು ಚಾರ್ಟ್‌ನಲ್ಲಿ ಮೇಲೇ ಇರುತ್ತೆ, ಆದ್ರೆ ಅವ್ನ ಪಾಲಿನ ರೆಪ್ಸ್ (ಪ್ರಾಕ್ಟೀಸ್‌ನಲ್ಲಿ ಆಡೋ ಸರದಿ) ಎಲ್ಲ ಕೆಳಗಿನವ್ರಿಗೆ ಹೋಗ್ತಿರುತ್ತೆ. 2014ರಲ್ಲಿ ಒಹಾಯೋ ಸ್ಟೇಟ್‌ನ ಬ್ರ್ಯಾಕ್ಸ್‌ಟನ್ ಮಿಲ್ಲರ್‌ಗೆ ಭುಜದ ಆಪರೇಷನ್ ಆಗಿತ್ತು, ಸ್ಪ್ರಿಂಗ್‌ನಲ್ಲಿ ಎಸೆಯೋ ಕೆಲ್ಸ ಎಲ್ಲ ಮಿಕ್ಕವ್ರ ಪಾಲಿಗೆ ಬಂತು. ಆಗಸ್ಟ್‌ನಲ್ಲಿ ಮಿಲ್ಲರ್ ಭುಜ ಮತ್ತೆ ಹೋಯ್ತು, ಜೆ.ಟಿ. ಬ್ಯಾರೆಟ್ ಸೀಸನ್ ಪೂರ್ತಿ ಆಡಿ ಮಿಶಿಗನ್ ಮ್ಯಾಚ್‌ನಲ್ಲಿ ಆಂಕಲ್ ಮುರ್ಕೊಂಡ, ಆಮೇಲೆ ಬಂದ ಕಾರ್ಡೇಲ್ ಜೋನ್ಸ್ ಮೂರೇ ಮೂರು ಮ್ಯಾಚ್ ಸ್ಟಾರ್ಟ್ ಮಾಡಿ, ವಿಸ್ಕಾನ್ಸಿನ್‌ನ 59-0, ಅಲಬಾಮಾನ 42-35, ಒರೆಗಾನ್‌ನ 42-20 ಸೋಲಿಸಿ ಚಾಂಪಿಯನ್ ಮಾಡ್ದ. ಗಾಯದ ಸುದ್ದಿ ಓದಿದಾಗ ಅಯ್ಯೋ ಅನ್ಸುತ್ತೆ ನಿಜ, ಅದರ ಜೊತೆಗೇ ಇವ್ನ ರೆಪ್ಸ್ ಯಾರಿಗೆ ಹೋಗ್ತಿದೆ ಅಂತ ಬರ್ಕೊಳ್ಳಿ.

ಚಾರ್ಟ್‌ನಲ್ಲಿ ಇಲ್ಲದವ್ರ ಲೆಕ್ಕಾನೂ ಹಾಕ್ಬೇಕು. ಹೈಸ್ಕೂಲ್‌ನಿಂದ ಬರೋ ಹುಡುಗ್ರಲ್ಲಿ ಜನವರೀಲಿ ಬಂದು ಸೇರಿದವ್ರು ಮಾತ್ರ ಸ್ಪ್ರಿಂಗ್‌ನಲ್ಲಿ ಕಾಣಿಸ್ತಾರೆ, ಜೂನ್‌ನಲ್ಲಿ ಬರೋರ ಹೆಸರು ಚಾರ್ಟ್‌ನಲ್ಲಿ ಇರಲ್ಲ. ರಿಕ್ರೂಟಿಂಗ್ ಪಟ್ಟಿ ಪಕ್ಕದಲ್ಲಿಟ್ಕೊಂಡು, ಖಾಲಿ ಇರೋ ಜಾಗಕ್ಕೆ ಬೇಸಿಗೇಲಿ ಯಾರು ಬರ್ತಿದ್ದಾರೆ ನೋಡಿ. ಆದ್ರೆ ಹದಿನೆಂಟು ವರ್ಷದ ಹುಡುಗ ಜೂನ್‌ನಲ್ಲಿ ಬಂದು ಸೆಪ್ಟೆಂಬರ್‌ನಲ್ಲಿ ಟ್ಯಾಕಲ್ ಆಡ್ತಾನೆ ಅಂತ ನಂಬ್ಕೋಬೇಡಿ, ರಿಸೀವರ್ ಕಾರ್ನರ್ ಆದ್ರೆ ಸಾಧ್ಯ, ಲೈನ್‌ನಲ್ಲಿ ಕಷ್ಟ, ಮೈ ಕಟ್ಟೋಕೇ ಟೈಮ್ ಬೇಕು.

ಬೇರೆ ಕಾಲೇಜಿಗೆ ಹೋಗೋ ಆಟಗಾರರು ಹೆಸರು ಹಾಕೋ ಟ್ರಾನ್ಸ್‌ಫರ್ ಪೋರ್ಟಲ್ ಬಂದ್ಮೇಲೆ ಈ ಲೆಕ್ಕ ಪೂರ್ತಿ ತಲೆಕೆಳಗಾಗಿತ್ತು. ಏಪ್ರಿಲ್‌ನಲ್ಲಿ ಒಂದು ವಿಂಡೋ ಇರ್ತಿತ್ತು, ಸ್ಪ್ರಿಂಗ್ ಮುಗೀತಿದ್ದಂಗೆ ಎರಡನೇ ಸಾಲಿನ ಹುಡುಗ ಬೇರೆ ಕಾಲೇಜಿಗೆ ಹೊರಡ್ತಿದ್ದ. 2025ರಲ್ಲಿ ಟೆನೆಸಿಯ ಸ್ಟಾರ್ಟರ್ ನಿಕೋ ಯಾಮಲೆಯಾವಾ ಸ್ಪ್ರಿಂಗ್ ಗೇಮ್ ಹಿಂದಿನ ದಿನ ಪ್ರಾಕ್ಟೀಸ್‌ಗೇ ಬರ್ಲಿಲ್ಲ, ಮಾರನೇ ದಿನ ಟೀಮ್ ಅವ್ನಿಲ್ಲದೇ ಮುಂದೆ ಹೋಯ್ತು, ಅವ್ನು ಯುಸಿಎಲ್‌ಎ ಸೇರ್ದ. ಆಮೇಲೆ ಏಪ್ರಿಲ್ ವಿಂಡೋ ತೆಗೆದುಹಾಕಿ 2026ಕ್ಕೆ ಜನವರಿ 2ರಿಂದ 16ರವರೆಗೆ ಒಂದೇ ವಿಂಡೋ ಇಟ್ರು, ಹೆಡ್ ಕೋಚ್ ಬದಲಾದ ಟೀಮ್‌ಗೆ, ಫೈನಲ್ ಆಡಿದ ಟೀಮ್‌ಗಳಿಗೆ ಮಾತ್ರ ಬೇರೆ ಅವಕಾಶ. ಇದು ನಮ್ಮಂಥ ಚಾರ್ಟ್ ಓದೋರಿಗೆ ಭಾರೀ ಅನುಕೂಲ, ಮಾರ್ಚ್‌ನಲ್ಲಿ ಎರಡನೇ ಸಾಲಿನಲ್ಲಿ ಇರೋನು ಆಗಸ್ಟ್‌ನಲ್ಲೂ ಅಲ್ಲೇ ಇರೋ ಸಾಧ್ಯತೆ ಈಗ ತುಂಬಾ ಜಾಸ್ತಿ. ಜನವರಿಯಲ್ಲಿ ಪೋರ್ಟಲ್‌ನಿಂದ ಬಂದವ್ರ ಹೆಸರು ಯಾವ ಪೊಸಿಷನ್‌ನಲ್ಲಿ ಜಾಸ್ತಿ ಇದೆ ನೋಡಿ, ಕೋಚ್ ತನ್ನ ಹಳೇ ಹುಡುಗ್ರ ಬಗ್ಗೆ ಬಾಯ್ಬಿಟ್ಟು ಹೇಳದೇ ಇರೋದನ್ನ ಅದು ಹೇಳುತ್ತೆ.

ಪ್ರಾಕ್ಟೀಸ್ ವಿಡಿಯೋ ನೋಡೋ ರೀತಿ ಇದೆ. ಮಾಧ್ಯಮದವ್ರನ್ನ ಹೆಚ್ಚಿನ ಕಡೆ ಶುರುವಿನ ಸ್ವಲ್ಪ ಹೊತ್ತು ಬಿಡ್ತಾರೆ, ಆ ಟೈಮಲ್ಲಿ ಸ್ಟ್ರೆಚಿಂಗ್, ಸಣ್ಣ ಪುಟ್ಟ ಡ್ರಿಲ್ ಅಷ್ಟೇ. ಅದರಲ್ಲೂ ನೋಡೋದು ಇದೆ. ಒಂದೊಂದು ಪೊಸಿಷನ್ ಗುಂಪೂ ಸಾಲಾಗಿ ನಿಂತು ಡ್ರಿಲ್ ಮಾಡೋವಾಗ ಸಾಲಿನಲ್ಲಿ ಮೊದಲು ಯಾರು, ಎರಡನೆಯವ್ನು ಯಾರು ನೋಡಿ, ಈ ಕ್ರಮ ಸುಮ್ನೆ ಬರಲ್ಲ, ಸಾಮಾನ್ಯವಾಗಿ ಮೊದಲ ಟೀಮ್ ಹುಡುಗ್ರೇ ಮುಂದೆ ನಿಲ್ತಾರೆ. ಎರಡು ವಾರದ ಹಿಂದಿನ ವಿಡಿಯೋದಲ್ಲಿ ಆರನೇಯವ್ನಾಗಿ ನಿಂತಿದ್ದ ಲೈನ್‌ಬ್ಯಾಕರ್ ಈಗ ಮೂರನೇಯವ್ನು ಅಂದ್ರೆ ಅದು ಸುದ್ದಿ. ಯಾವ ಸೆಂಟರ್ ಯಾವ ಕ್ವಾರ್ಟರ್‌ಬ್ಯಾಕ್‌ಗೆ ಸ್ನ್ಯಾಪ್ ಕೊಡ್ತಿದ್ದಾನೆ ನೋಡಿ, ಆ ಜೋಡಿ ಮೊದಲ ಟೀಮ್ ಯಾವ್ದು ಅಂತ ಹೇಳ್ಬಿಡುತ್ತೆ. ಜೆರ್ಸಿ ಬಣ್ಣಾನೂ ಗಮನಿಸಿ, ಮುಟ್ಟಬೇಡಿ ಅನ್ನೋ ಬೇರೆ ಬಣ್ಣ ಕ್ವಾರ್ಟರ್‌ಬ್ಯಾಕ್‌ಗಳಿಗೆ ಮಾಮೂಲಿ, ಬೇರೆ ಪೊಸಿಷನ್‌ನವ್ನು ಹಾಕಿದ್ರೆ ಏನೋ ಗಾಯ ವಾಸಿಯಾಗ್ತಿದೆ ಅಂತ.

ಕೋಚ್ ಮಾತಿನಲ್ಲಿ ಹೆಡ್ ಕೋಚ್‌ಗಿಂತ ಪೊಸಿಷನ್ ಕೋಚ್ ಹೇಳೋದಕ್ಕೆ ಕಿವಿ ಕೊಡಿ. ಎಲ್ರೂ ಚೆನ್ನಾಗಿ ಕಷ್ಟಪಡ್ತಿದ್ದಾರೆ ಅನ್ನೋದನ್ನ ಎಲ್ಲ ಕೋಚೂ ಹೇಳ್ತಾರೆ. ರಿಪೋರ್ಟರ್ ಕೇಳದೇ ಇದ್ರೂ ಒಂದು ಹೆಸರು ತಾನಾಗೇ ಬಾಯಿಗೆ ಬಂತಾ, ಅದನ್ನ ಬರ್ಕೊಳ್ಳಿ.

ಸ್ಪ್ರಿಂಗ್ ಗೇಮ್ ನೋಡೋಕೆ ಚಂದ, 2016ರಲ್ಲಿ ಒಹಾಯೋ ಸ್ಟೇಟ್ ಸ್ಪ್ರಿಂಗ್ ಗೇಮ್‌ಗೆ 1,00,189 ಜನ ಬಂದಿದ್ರು, ಬರೀ ಪ್ರಾಕ್ಟೀಸ್‌ಗೆ ಅಷ್ಟು ಜನ ಸೇರೋದು ನೋಡಿದ್ರೆ ಮೈ ಜುಂ ಅನ್ಸುತ್ತೆ. ಆದ್ರೆ ಚಾರ್ಟ್ ತಿದ್ದೋಕೆ ಅದನ್ನ ನೆಚ್ಕೋಬೇಡಿ. ಹುಡುಗ್ರನ್ನ ಎರಡು ಟೀಮ್‌ಗೆ ಹಂಚಿರ್ತಾರೆ, ಮೊದಲ ಸಾಲಿನ ಲೈನ್ ಒಂದು ಕಡೆ, ರಿಸೀವರ್‌ಗಳು ಇನ್ನೊಂದು ಕಡೆ. ಕ್ವಾರ್ಟರ್‌ಬ್ಯಾಕ್ ಹತ್ರ ಡಿಫೆಂಡರ್ ಹೋದ್ರೆ ಸಾಕು ವಿಸಿಲ್ ಊದ್ತಾರೆ, ಹಾಗಾಗಿ ಸ್ಯಾಕ್ (ಕ್ವಾರ್ಟರ್‌ಬ್ಯಾಕ್‌ನ ಎಸೆಯೋಕೆ ಮುಂಚೆ ಕೆಡವೋದು) ಲೆಕ್ಕ ನಂಬೋ ಹಾಗಿಲ್ಲ, ಓಡೋ ಕ್ವಾರ್ಟರ್‌ಬ್ಯಾಕ್‌ನ ತಾಕತ್ತು ಕಾಣಿಸೋದೇ ಇಲ್ಲ. ಮೂರು ಟಚ್‌ಡೌನ್ ಹಿಡಿದ ರಿಸೀವರ್ ಯಾರ ಮೇಲೆ ಹಿಡಿದ ಅಂತ ನೋಡಿ, ಮೂರನೇ ಸಾಲಿನ ಕಾರ್ನರ್ ಮೇಲಾದ್ರೆ ಸುಮ್ನೆ ಬಿಡಿ. 2025ರಲ್ಲಿ ಟೆಕ್ಸಾಸ್, ನೆಬ್ರಾಸ್ಕಾ ಥರದ ದೊಡ್ಡ ಟೀಮ್‌ಗಳು ಮಾಮೂಲಿ ಸ್ಪ್ರಿಂಗ್ ಗೇಮ್ ಆಡಲೇ ಇಲ್ಲ, ಅಂಥ ಕಡೆ ನಿಮ್ಗೆ ರಿಪೋರ್ಟರ್‌ಗಳ ಬರಹ, ಟೀಮ್ ಬಿಡೋ ಚಿಕ್ಕ ಚಿಕ್ಕ ವಿಡಿಯೋ ಅಷ್ಟೇ ಗತಿ.

ಇಷ್ಟನ್ನೂ ಸೇರಿಸಿ ನಿಮ್ಮದೇ ಒಂದು ಶೀಟ್ ಮಾಡ್ಕೊಳ್ಳಿ, ಗೂಗಲ್ ಶೀಟ್ ಸಾಕು. ಸಾಲಿಗೊಂದು ಪೊಸಿಷನ್, ಪಕ್ಕದಲ್ಲಿ ಮೊದಲನೆಯವ್ನು, ಎರಡನೆಯವ್ನು, ಮೂರನೆಯವ್ನು, ಪ್ರತಿ ಹೆಸರಿನ ಜೊತೆ ವರ್ಷ, ಹೋದ ಸೀಸನ್‌ನಲ್ಲಿ ಆಡಿದ ಮ್ಯಾಚ್, ಪೋರ್ಟಲ್‌ನಿಂದ ಬಂದವ್ನಾ, ಗಾಯ ಇದ್ಯಾ. ಕಡೇ ಕಾಲಮ್‌ನಲ್ಲಿ ಈ ಮಾಹಿತಿ ಎಲ್ಲಿ ಸಿಕ್ತು, ಯಾವ ತಾರೀಕು ಅಂತ. ಹಳೇದನ್ನ ಅಳಿಸ್ಬೇಡಿ, ಪ್ರತಿ ವಾರ ಹೊಸ ಟ್ಯಾಬ್ ತೆಗೀರಿ. ಮ್ಯಾಚ್ ಆಡಿದ ಅನುಭವ ಇರೋ ಎರಡನೆಯವ್ನು ಇದ್ರೆ ಹಸಿರು, ಇಲ್ದಿದ್ರೆ ಕೆಂಪು ಬಣ್ಣ ಹಾಕಿ. ಹದಿನೈದು ಪ್ರಾಕ್ಟೀಸ್ ಮುಗಿಯೋ ಹೊತ್ತಿಗೆ ಕೆಂಪು ಎಲ್ಲಿ ಗುಂಪಾಗಿದೆ ಅಂತ ಕಣ್ಣಿಗೆ ಹೊಡೆಯುತ್ತೆ, ಸೀಸನ್‌ನಲ್ಲಿ ನಿಮ್ಮ ಟೀಮ್ ಒದ್ದಾಡೋದು ಬಹುಶಃ ಅಲ್ಲೇ.

ಮೂರನೇ ಕಾಲಮ್ ಖಾಲಿ ಬಿಡ್ಬೇಡಿ ಅಂತ ಕೈಮುಗಿದು ಕೇಳ್ಕೊಳ್ತೀನಿ. ಅಲ್ಲಿರೋ ಹುಡುಗ್ರೂ ಬೆಳಗ್ಗೆ ಅಷ್ಟೇ ಬೇಗ ಏಳ್ತಾರೆ, ಅಷ್ಟೇ ಪೆಟ್ಟು ತಿಂತಾರೆ. ಜಾರ್ಜಿಯಾದ ಸ್ಟೆಟ್ಸನ್ ಬೆನೆಟ್ ವಾಕ್ ಆನ್ ಆಗಿ ಬಂದವ್ನು, 2021ರ ಸೀಸನ್ ಶುರುವಾದಾಗ ಸ್ಟಾರ್ಟರ್ ಜೆ.ಟಿ. ಡೇನಿಯಲ್ಸ್, ಕೊನೆಗೆ ಅಲಬಾಮಾನ 33-18 ಸೋಲಿಸಿ ಟ್ರೋಫಿ ಎತ್ತಿದ್ದು ಬೆನೆಟ್, ಮಾರನೇ ವರ್ಷಾನೂ ಗೆದ್ದ. ಇನ್ನು ಹುಡುಗ್ರ ಪೇಜಿಗೆ ಹೋಗಿ ನೀನು ಮೂರನೇಯವ್ನು ಅಂತ ಕಾಮೆಂಟ್ ಹಾಕೋದು ಮಾತ್ರ ಯಾರೂ ಮಾಡ್ಬೇಡಿ, ಹತ್ತೊಂಬತ್ತು ಇಪ್ಪತ್ತು ವರ್ಷದ ಮಕ್ಕಳು ಅವ್ರು.

ಸ್ಪೆಷಲ್ ಟೀಮ್ಸ್‌ಗೆ ಎರಡೇ ನಿಮಿಷ ಕೊಡಿ. ಕಿಕ್ ರಿಟರ್ನ್, ಪಂಟ್ ರಿಟರ್ನ್‌ಗೆ ಹೊಸ ಫ್ರೆಶ್‌ಮನ್ ಹೆಸರು ಇದ್ರೆ ಅವ್ನನ್ನ ಹೇಗಾದ್ರೂ ಮೈದಾನಕ್ಕೆ ಇಳಿಸ್ಬೇಕು ಅಂತ ಕೋಚ್‌ಗಿದೆ. ಲಾಂಗ್ ಸ್ನ್ಯಾಪರ್‌ಗೆ ಎರಡನೆಯವ್ನು ಇದ್ದಾನಾ ಅಂತ ನೋಡ್ಕೊಳ್ಳಿ, ಆಯ್ತು.

ಆಗಸ್ಟ್ ಕ್ಯಾಂಪ್ ಶುರುವಾದಾಗ ಶೀಟ್ ಮತ್ತೆ ತೆಗೀರಿ, ಕೆಂಪು ಬಣ್ಣದ ಜಾಗಗಳ ಸುದ್ದಿ ಮಾತ್ರ ಫಾಲೋ ಮಾಡಿ, ಮಿಕ್ಕಿದ್ದಕ್ಕೆ ಟೈಮ್ ಹಾಳು ಮಾಡ್ಬೇಡಿ. ಮೊದಲ ಮ್ಯಾಚ್ ವಾರ ಅಫೀಷಿಯಲ್ ಚಾರ್ಟ್ ಬಂದ್ರೆ ನಿಮ್ಮ ಏಪ್ರಿಲ್ ಟ್ಯಾಬ್ ಪಕ್ಕ ಇಟ್ಟು ನೋಡಿ, ಕೆಲವು ಟೀಮ್ ಆಗ್ಲೂ ಬಿಡಲ್ಲ. ಕಾಲೇಜ್ ಟೀಮ್‌ಗಳ ಲೀಗ್‌ಗಳಾದ ಬಿಗ್ ಟೆನ್‌ನಲ್ಲಿ 2023ರಿಂದ, ಎಸ್ಇಸಿಯಲ್ಲಿ 2024ರಿಂದ ಮ್ಯಾಚ್‌ಗೆ ಮುಂಚೆ ಯಾರು ಆಡ್ತಾರೆ ಯಾರು ಆಡಲ್ಲ ಅನ್ನೋ ಅವೈಲಬಿಲಿಟಿ ರಿಪೋರ್ಟ್ ಕೊಡ್ತಾರೆ, ಅದ್ರಲ್ಲಿ ಔಟ್ ಅಂತ ಒಂದು ಹೆಸರು ಕಂಡ ತಕ್ಷಣ ನಿಮ್ಮ ಶೀಟ್‌ನ ಎರಡನೇ ಕಾಲಮ್‌ಗೆ ಹೋಗಿ, ಮ್ಯಾಚ್ ಶುರುವಾದಾಗ ಆ ಹುಡುಗನ ನಂಬರ್ ಹುಡುಕಿ, ಮೊದಲ ಐದಾರು ಸ್ನ್ಯಾಪ್ ಅವ್ನನ್ನೇ ನೋಡಿ.